ನೀರುಗಂಟಿ ಅಂಕಯ್ಯನ ಸೋರೆ ಬೀಜ

ಕೆರಗೋಡಿನಿಂದ ಮಂಡ್ಯಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ, ನಾಲೆ ಏರಿಯ ಮೇಲೆ ಹೆಗಲಿಗೆ ಗುದ್ದಲಿ ಹಾಕಿಕೊಂಡು ನಡೆಯುವ ಉದ್ದನೆಯ ಮನುಷ್ಯನೊಬ್ಬ ಕಾಣುತ್ತಾನೆ. ಅವನೇ ಅಂಕಯ್ಯ. ಮೂವತ್ತೊಂದು ವರ್ಷದಿಂದ ಆ ಭಾಗದ ನೀರುಗಂಟಿ. ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ನೀರುಗಂಟಿಗೆ ಊರೆಲ್ಲ ಪರಿಚಯ, ಗೆಳೆಯ ಅಂತ ಒಬ್ಬನೂ ಇಲ್ಲ. ನೀರು ಬಿಟ್ಟ ದಿನ ಅವನನ್ನು ಯಾರೂ ನೆನೆಯುವುದಿಲ್ಲ, ನಿಲ್ಲಿಸಿದ ದಿನ ಅವನ ಅಪ್ಪ ಅಮ್ಮನನ್ನೂ ಸೇರಿಸಿ ನೆನೆಯುತ್ತಾರೆ. ಹಾಗಾಗಿ ಅಂಕಯ್ಯ ಮಾತು ಕಡಿಮೆ ಮಾಡಿದ. ಹೊರಗೆ ಕಡಿಮೆ ಮಾಡಿದ್ದೇನೋ ಸರಿ, ಮನೆಯಲ್ಲೂ ಕಡಿಮೆ ಮಾಡಿದ. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುತ್ತಾರಲ್ಲ, ಇವನು ಮನೆಗೆ ಮಾರಿಯಲ್ಲ, ಉಪಕಾರಿ ಎಂದು ಊರೂ ಒಪ್ಪಲಿಲ್ಲ.

ಮನೆಯಲ್ಲಿದ್ದವಳು ಹೆಂಡತಿ ಬೆಟ್ಟಮ್ಮ ಒಬ್ಬಳೇ. ಮಕ್ಕಳಾಗಲಿಲ್ಲ. ಮಳವಳ್ಳಿ ಸೀಮೆಯ ಬಂಡೂರಿನ ಕಡೆಯವಳು. ಮದುವೆಯಾಗಿ ಬರುವಾಗ ಮಡಿಲಕ್ಕಿಯ ಜೊತೆ ಒಂದು ಹಿಡಿ ಸೋರೆ ಬೀಜ ಕಟ್ಟಿಕೊಂಡು ಬಂದಿದ್ದಳು. ಉದ್ದ ಸೋರೆಯಲ್ಲ, ಗುಂಡು ಸೋರೆ, ಒಂದು ಚೊಂಬಿನಷ್ಟೇ ಗಾತ್ರ. ಪ್ರತಿ ಮಳೆಗಾಲಕ್ಕೂ ಅದರ ಬಳ್ಳಿ ಬಚ್ಚಲ ಮನೆಯ ಹೆಂಚಿನ ಮೇಲೆ ಹಬ್ಬುತ್ತಿತ್ತು, ಅವರೆಕಾಳಿನ ಜೊತೆ ಅದರ ಸಾರಾಗುತ್ತಿತ್ತು, ಅಂಕಯ್ಯ ಎರಡು ಮುದ್ದೆ ಇಳಿಸಿ ಎದ್ದು ಹೋಗುತ್ತಿದ್ದ. ಸಾರು ಹೇಗಿತ್ತು ಎಂದು ಅವಳು ಕೇಳಿದರೆ "ಊಂ" ಅನ್ನುತ್ತಿದ್ದ. ಈ ಸಲ ಶಿವರಾತ್ರಿ ಕಳೆದ ವಾರದಲ್ಲಿ ಬೆಟ್ಟಮ್ಮನಿಗೆ ಜ್ವರ ಬಂತು. ಮೂರೇ ದಿನ. ನಾಲ್ಕನೆಯ ದಿನ ಅವಳಿರಲಿಲ್ಲ.

ಹನ್ನೊಂದನೆಯ ದಿನ ತಿಥಿ. ಹಿಂದಿನ ಸಂಜೆ ಅಕಾಲದಲ್ಲಿ ಒಂದು ಹದ ಮಳೆ ಬಂದು ಸೌದೆಯೆಲ್ಲ ನೆಂದಿತ್ತು. ಬೆಳಿಗ್ಗೆ ಸ್ನಾನಕ್ಕೆ ಹಂಡೆ ಒಲೆ ಹಚ್ಚಲು ಕೂತ ಅಂಕಯ್ಯನ ಕಣ್ಣಿಗೆ ಒಲೆಯ ಮೇಲಿನ ಗೋಡೆಗೆ ಮೆತ್ತಿದ್ದ ಬೆರಣಿಗಳು ಬಿದ್ದವು. ಅಂಗೈ ಅಗಲದವು, ಹೊಗೆ ಹಿಡಿದು ಕಪ್ಪಾಗಿದ್ದವು, ಒಂದೊಂದರ ಮೇಲೂ ಬೆಟ್ಟಮ್ಮನ ಐದು ಬೆರಳಿನ ಗುರುತು. ಚೆನ್ನಾಗಿ ಒಣಗಿವೆ, ಉರಿಯುತ್ತವೆ ಎಂದುಕೊಂಡು ಒಂದೊಂದನ್ನೇ ಕಿತ್ತು ಒಲೆಗೆ ಹಾಕಿದ. ಒಳಗೆ ಚಟಪಟ ಸದ್ದಾಯಿತು. ಹಸಿ ಇರಬೇಕು ಅಂದುಕೊಂಡ. ಹತ್ತು ಬೆರಣಿ ಒಲೆಗೆ ಬಿದ್ದವು. ಹನ್ನೊಂದನೆಯದು ಕೈ ಜಾರಿ ಕಲ್ಲಿನ ಮೇಲೆ ಬಿದ್ದು ಎರಡಾಯಿತು, ಒಳಗಿನಿಂದ ಬೆಳ್ಳಗೆ ಚಪ್ಪಟೆ ಬೀಜಗಳು ಇಣುಕಿದವು.

ನಮ್ಮ ಕಡೆ ಹಳ್ಳಿಯ ಹೆಂಗಸರಿಗೆ ಇದು ಹೊಸದಲ್ಲ. ಸೋರೆ, ಕುಂಬಳ, ಸೌತೆಯ ಬೀಜವನ್ನು ಹಸಿ ಸಗಣಿಗೆ ಒತ್ತಿ ಒಲೆಯ ಹೊಗೆ ತಾಗುವ ಗೋಡೆಗೆ ಬಡಿದರೆ ಹುಳ ಮುಟ್ಟುವುದಿಲ್ಲ, ಮುಂದಿನ ಮಳೆಗಾಲದವರೆಗೆ ಬೀಜಕ್ಕೆ ಅದೇ ಮನೆ. ಗಂಡಸರಿಗೆ ಮಾತ್ರ ಬೆರಣಿಯೆಂದರೆ ಬೆರಣಿ. ಅಂಕಯ್ಯ ಬರಿಗೈಯನ್ನೇ ಒಲೆಗೆ ಹಾಕಿದ. ಕೈ ಸುಟ್ಟಿತು, ಬೀಜ ಸಿಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೂವತ್ತು ವರ್ಷ ಅದೇ ಗೋಡೆಯ ಕೆಳಗೆ ಕೂತು ಮೈ ತೊಳೆದವನಿಗೆ ಆ ಗೋಡೆಯಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಹೆಂಡತಿ ಸತ್ತಾಗ ಬಾರದ ಅಳು ಆಗ ಬಂತು. ತಿಥಿಗೆ ಬಂದ ನೆಂಟರು ಹೊಗೆ ಎಂದುಕೊಂಡರು, ಅವನು ಅವರನ್ನು ತಿದ್ದಲಿಲ್ಲ.

ಒಡೆದ ಬೆರಣಿಯಲ್ಲಿ ಒಳ್ಳೆಯ ಬೀಜ ಆರಿದ್ದವು. ಪ್ರಪಂಚದಲ್ಲಿ ಬೆಟ್ಟಮ್ಮನ ಸೋರೆ ಎಂಬುದು ಇನ್ನು ಈ ಆರು ಬೀಜ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತು. ಇವು ಹುಟ್ಟಿದರೆ ಉಂಟು, ಇಲ್ಲದಿದ್ದರೆ ಅವಳು ತಂದದ್ದೆಲ್ಲ ಅವಳೊಡನೆ ಹೋದ ಹಾಗೆ.

ಬೇಸಿಗೆಯಲ್ಲಿ ನಾಲೆ ನಿಲ್ಲುತ್ತದೆ. ನೀರಿಲ್ಲದ ನಾಲೆಗೆ ನೀರುಗಂಟಿ ಯಾಕೆ? ಅಂಕಯ್ಯನಿಗೆ ಕೆಲಸವಿರಲಿಲ್ಲ. ಬೆಳಿಗ್ಗೆ ಎದ್ದು ಕೂರುತ್ತಿದ್ದ, ಮಧ್ಯಾಹ್ನ ಅನ್ನ ಬೇಯಿಸುತ್ತಿದ್ದ, ಸಂಜೆ ಮತ್ತೆ ಕೂರುತ್ತಿದ್ದ. ಪೂರಾ ಒಂದು ದಿನ ಬಾಯಿಂದ ಒಂದೂ ಮಾತು ಬರದೆ ಕಳೆದದ್ದುಂಟು. ಮೇ ಕೊನೆಗೆ ಒಂದೆರಡು ಮಳೆ ಬಿದ್ದ ಮೇಲೆ ಬೀಜ ಹಾಕಲು ಮನಸ್ಸು ಮಾಡಿದ. ಹಿತ್ತಿಲಲ್ಲಿ ನೇರವಾಗಿ ಊರುವ ಹಾಗಿರಲಿಲ್ಲ. ನಮ್ಮೂರಲ್ಲಿ ಈಗ ಕೋಳಿಗಿಂತ ನವಿಲು ಹೆಚ್ಚು, ಮೊಳಕೆ ಕಂಡರೆ ಬಿಡುವುದಿಲ್ಲ. ಮನೆಯೊಳಗೆ, ಅಡಿಗೆಮನೆಯ ಕಿಟಕಿಯ ಹತ್ತಿರ ಮೊಳಕೆ ಬರಿಸಿ ನಾಲ್ಕೆಲೆಯಾದ ಮೇಲೆ ಹೊರಗೆ ನೆಡಬೇಕು. ಹಾಗಾದರೆ ಯಾವುದರಲ್ಲಿ ಹಾಕುವುದು?

ಅದಕ್ಕಾಗಿ ಅಂಕಯ್ಯ ಮೊದಲ ಸಲ ಹೆಂಡತಿಯ ಅಡಿಗೆಮನೆಯ ಗೂಡುಗಳನ್ನು ಒಂದೊಂದಾಗಿ ನೋಡಿದ. ಸ್ಟೀಲಿನ ಲೋಟಕ್ಕೆ ತೂತು ಹೊಡೆಯಲು ಮನಸ್ಸು ಬರಲಿಲ್ಲ. ಅರಿಶಿನದ ಡಬ್ಬಿ ಖಾಲಿಯಿತ್ತು, ಅದರ ಘಮ ಮಾತ್ರ ಖಾಲಿಯಾಗಿರಲಿಲ್ಲ, ಮುಚ್ಚಿ ಇಟ್ಟ. ಹಾಲಿನ ಕವರುಗಳನ್ನು ತೊಳೆದು ಮಡಚಿ ಒಂದು ಕಟ್ಟು ಮಾಡಿದ್ದಳು, ಯಾತಕ್ಕೋ ಏನೋ, ಕೇಳಲು ಅವಳಿಲ್ಲ. ತಿಥಿಗೆ ತಂದ ಟೀ ಕುಡಿಯುವ ಕಾಗದದ ಲೋಟಗಳು ಉಳಿದಿದ್ದವು, ಒಂದಕ್ಕೆ ಮಣ್ಣು ತುಂಬಿ ನೀರು ಹಾಕಿದರೆ ತಳ ಮೆತ್ತಗಾಗಿ ಕುಸಿಯಿತು. ಕೊನೆಗೆ ಸಿಕ್ಕಿದ್ದು ಅದೇ ತಿಥಿಯ ಮೊಸರಿನ ಪ್ಲಾಸ್ಟಿಕ್ ಡಬ್ಬಿ. ಗಟ್ಟಿಯಾಗಿದೆ, ಅಗಲವಾಗಿದೆ, ಇದೇ ಸರಿ ಎಂದ.

ಗದ್ದೆಯಿಂದ ಜೇಡಿಮಣ್ಣು ತಂದ, ಕಲಸಿದ, ಎರಡು ಬೀಜ ಊರಿದ, ಮೇಲೆ ಅಂಚಿನವರೆಗೆ ನೀರು ನಿಲ್ಲಿಸಿದ. ಅವನಿಗೆ ಬರುತ್ತಿದ್ದುದು ಅದೊಂದೇ ಬೇಸಾಯ. ಭತ್ತದ ಮಡಿಯಲ್ಲಿ ನೀರು ನಿಲ್ಲಬೇಕು, ನಿಂತಿದೆಯೇ ನೋಡಬೇಕು, ಕಡಿಮೆಯಾದರೆ ಬಿಡಬೇಕು. ಡಬ್ಬಿಗೆ ತೂತು ಬೇಕೆಂದು ಹೊಳೆಯಲೇ ಇಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ಬಿಟ್ಟ. ಎಂಟನೆಯ ದಿನ ವಾಸನೆ ಬಂತು. ಬೆರಳು ಹಾಕಿ ತೆಗೆದರೆ ಬೀಜ ಕೊಳೆತು ಲೋಳೆಯಾಗಿತ್ತು. ನೂರಾರು ಎಕರೆಗೆ ಲೆಕ್ಕ ತಪ್ಪದೆ ನೀರು ಬಿಟ್ಟವನಿಗೆ ಅಂಗೈಯಷ್ಟು ಡಬ್ಬಿಗೆ ನೀರು ಬಿಡಲು ಬರಲಿಲ್ಲ. "ಥೂ ನಿನ್ನ" ಎಂದು ತನ್ನನ್ನೇ ಬೈದುಕೊಂಡ. ಆ ದಿನ ಅವನು ಆಡಿದ ಮಾತು ಅದೊಂದೇ.

ಎರಡನೆಯ ಸಲ ಜಾಣನಾದ. ತೆಂಗಿನ ಚಿಪ್ಪು ತೆಗೆದುಕೊಂಡ. ಅದಕ್ಕೆ ದೇವರೇ ಕೊಟ್ಟ ಕಣ್ಣಿದೆ, ಮೊಳೆಯಲ್ಲಿ ಚುಚ್ಚಿದರೆ ತೂತು. ಮಣ್ಣು, ಮರಳು, ಹಳೆ ಗೊಬ್ಬರ ಬೆರೆಸಿ ಎರಡು ಚಿಪ್ಪಿಗೆ ಒಂದೊಂದು ಬೀಜ ಹಾಕಿದ. ನೀರನ್ನು ಲೋಟದಲ್ಲಿ ಹಾಕದೆ ಕೈಯಲ್ಲಿ ಚಿಮುಕಿಸಿದ. ಏಳನೆಯ ದಿನ ಮಣ್ಣು ಬಿರಿಯಿತು, ಒಂಬತ್ತನೆಯ ದಿನ ಎರಡು ಚಿಪ್ಪಿನಲ್ಲೂ ಎರಡೆರಡು ದಪ್ಪ ಎಲೆ ಬಿಚ್ಚಿಕೊಂಡವು. ಅಂಕಯ್ಯನ ಖುಷಿಗೆ ಮಿತಿಯಿರಲಿಲ್ಲ. ಯಾರಿಗೆ ಹೇಳುವುದು? ಹೆಬ್ಬಾಗಿಲ ತನಕ ಹೋದ, ರಸ್ತೆ ನೋಡಿದ, ವಾಪಸ್ಸು ಬಂದ. ಆಮೇಲೆ ಸಸಿಗೇ ಹೇಳಿದ: "ಬಂದಾ? ಬಾ ಬಾ."

ನಾಲ್ಕೆಲೆಯಾಯಿತು. ಹೊರಗೆ ಗುಣಿ ತೆಗೆದು ಸುತ್ತ ನವಿಲು ಬಾರದಂತೆ ಮುಳ್ಳು ಕಟ್ಟಿದ. ಚಿಪ್ಪಿನಿಂದ ಸಸಿ ಬಿಡಿಸಬೇಕಲ್ಲ. ಬೋರಲು ಹಾಕಿ ತಟ್ಟಿದ, ಬರಲಿಲ್ಲ. ಮಚ್ಚಿನಿಂದ ಮೆಲ್ಲಗೆ ಒಂದು ಏಟು ಹಾಕಿದ. ತೆಂಗಿನ ಚಿಪ್ಪು ಮೆಲ್ಲನೆಯ ಏಟಿಗೆ ಒಡೆಯುವುದಿಲ್ಲ, ಜೋರು ಏಟಿಗೆ ಒಡೆಯುವುದು ಚಿಪ್ಪೊಂದೇ ಅಲ್ಲ. ಮಣ್ಣೆಲ್ಲ ಉದುರಿ ಬೇರು ನಡುವಿಗೆ ಕಿತ್ತುಬಂತು. ನೆಟ್ಟ, ನೆರಳು ಮಾಡಿದ, ಸಂಜೆಯೊಳಗೆ ಸಸಿ ಬಾಡಿ ಮಲಗಿತು. ಇನ್ನೊಂದನ್ನು ಒಡೆಯಲು ಹೆದರಿ ಚಿಪ್ಪಿನಲ್ಲೇ ಬಿಟ್ಟ. ಒಳಗೆ ಬೇರು ಸುತ್ತಿಕೊಂಡು ಸುತ್ತಿಕೊಂಡು, ಹೋಗಲು ದಾರಿಯಿಲ್ಲದೆ ಎಲೆ ಹಳದಿಯಾಗಿ ಅದೂ ಹೋಯಿತು. ಉಳಿದದ್ದು ಎರಡು ಬೀಜ. ಎರಡು ದಿನ ಅಂಕಯ್ಯ ಅನ್ನ ಮಾಡಲಿಲ್ಲ, ಅವಲಕ್ಕಿ ನೆನೆಸಿ ತಿಂದ.

ಮೂರನೆಯ ದಿನ ಮನಸ್ಸು ಗಟ್ಟಿಮಾಡಿ ಒಬ್ಬರನ್ನು ಕೇಳಲು ಹೊರಟ. ನಾಲೆಯಾಚೆಯ ಕೇರಿಯಲ್ಲಿ ವನಜಾ ಎಂಬಾಕೆ ಕಬ್ಬಿನ ಸಸಿ ಮಾಡಿ ಮಾರುತ್ತಿದ್ದಳು. ಹಸಿರು ಬಲೆಯ ನೆರಳಿನಲ್ಲಿ ಕಪ್ಪು ಪ್ಲಾಸ್ಟಿಕ್ ಟ್ರೇಗಳು ಸಾಲುಸಾಲು. ಆ ಕೇರಿಗೆ ಅಂಕಯ್ಯ ತೂಬು ನೋಡಲು ಹೋದದ್ದುಂಟು, ನಿಂತು ನೀರಿನ ಮಾತಾಡಿದ್ದುಂಟು, ಒಂದು ಜಗಲಿಯ ಮೇಲೂ ಕೂತದ್ದಿಲ್ಲ. ಯಾಕೆ ಕೂರಲಿಲ್ಲ ಎಂದು ಅವನೂ ಕೇಳಿಕೊಂಡಿರಲಿಲ್ಲ, ಆ ಕೇರಿಯವರೂ ಕೇಳಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು.

"ಯಾಕಣ್ಣ, ನಾಲೇಲಿ ನೀರೇ ಇಲ್ಲ, ಈ ಕಡೆ ಬಂದ್ಬುಟ್ರಿ?" ಎಂದಳು ವನಜಾ.

"ಒಂದು ಟ್ರೇ ಬೇಕಿತ್ತು ಕಣಮ್ಮ. ಸೋರೆ ಬೀಜ ಆಕಾಕೆ."

"ಎಷ್ಟು ಬೀಜ ಅವೆ?"

"ಎರಡು."

ವನಜಾ ನಕ್ಕಳು. "ಒಂದು ಟ್ರೇಗೆ ಐವತ್ತು ಗುಳಿ ಅಣ್ಣ. ಎರಡಕ್ಕೆ ಟ್ರೇ ಯಾಕೆ? ಅಲ್ದೆ ಇದು ಕಬ್ಬಿಗೆ ಸರಿ, ಸೋರೆಗೆ ಸರಿಯೋಗಾಕಿಲ್ಲ. ಕಬ್ಬು ಕಿತ್ತು ನೆಟ್ರೂ ಬದುಕ್ತದೆ. ಸೋರೆ ಬೇರು ಕೆಣಕಿದ್ರೆ ಮುಗೀತು, ಸಿಟ್ಟು ಮಾಡ್ಕಬುಡ್ತದೆ. ಯಾವುದ್ರಲ್ಲಿ ಹುಟ್ತದೋ ಅದ್ರ ಸಮೇತ ಮಣ್ಣಿಗೋಗ್ಬೇಕು."

"ಅಂಗಾದ್ರೆ ಯಾವುದ್ರಲ್ಲಿ ಆಕ್ಲಿ?"

"ದೊನ್ನೆ ತಗಳಿ. ಅಡಿಕೆ ಪಟ್ಟೇದು ಬ್ಯಾಡ, ಬೇಗ ಕರಗಾಕಿಲ್ಲ. ಮುತ್ತುಗದ ಎಲೇದು ತಗಳಿ. ತಳಕ್ಕೆ ಕಡ್ಡೀಲಿ ಎರಡು ತೂತು ಮಾಡಿ. ನಾಲ್ಕೆಲೆ ಆಗಾಗಂಟ ತಡೀತದೆ, ಆಮೇಲೆ ದೊನ್ನೆ ಸಮೇತ ಗುಣಿಗೆ ಇಳಿಸ್ಬುಡಿ. ಎಲೆ ಕೊಳೀತದೆ, ಬೇರು ತನ್ನ ಪಾಡಿಗೆ ಓಯ್ತದೆ." ಅಷ್ಟು ಹೇಳಿ ಅವಳಿಗೆ ಏನೋ ನೆನಪಾಯಿತು. "ಯಾವ ಸೋರೆ ಅಣ್ಣ? ಅಕ್ಕಂದಾ?"

"ಊಂ. ಅವ್ಳದ್ದೇ. ಎರಡೇ ಉಳ್ದವೆ."

"ಎರಡೇ?" ವನಜಾ ಅವನ ಮುಖ ನೋಡಿದಳು. "ಬೆಟ್ಟಕ್ಕನ ಸೋರೆಗೆ ಇಷ್ಟೊಂದು ಒದ್ದಾಡ್ಬೇಕಾ? ನಮ್ಮತ್ತೆ ಹತ್ರ ಗೋಡೆ ತುಂಬ ಅದೆ, ಬನ್ನಿ."

ವನಜಾಳ ಅತ್ತೆ ಮುದ್ದಮ್ಮನಿಗೆ ಎಪ್ಪತ್ತು ದಾಟಿತ್ತು. ಬುದ್ಧನ ಪಟ ತೂಗುಹಾಕಿದ್ದ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಹಿಂದಿನ ಬಚ್ಚಲಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಒಲೆಯ ಮೇಲಿನ ಗೋಡೆಗೆ ಎಂಟೊಂಬತ್ತು ಬೆರಣಿ, ಹೊಗೆ ಹಿಡಿದವು, ಅವನ ಮನೆಯಲ್ಲಿದ್ದ ಹಾಗೆಯೇ.

"ಇವೆಲ್ಲ ನಿನ್ನ ಎಂಡ್ರುದ್ದೇ ಬೀಜ ಕಣಪ್ಪ. ಮೊದ್ಲು ಅವ್ಳು ಕೊಟ್ಟಿದ್ದು, ಆಮೇಲೆ ನಾನು ಇಡ್ಕಬಂದಿದ್ದು. ಇಲ್ಲಿ ನಮ್ಮ ಕೇರೀಲಿ ಆರು ಮನೇಲಿ ಅದೆ. ನಿಮ್ಮೂರಲ್ಲಿ ಎಂಟು. ಮಳೆಗಾಲ್ದಲ್ಲಿ ಎಲ್ಲರ ಎಂಚಿನ ಮ್ಯಾಲೂ ಅದೇ. ನೀನು ನೋಡಿಲ್ವಾ?"

ಅಂಕಯ್ಯ ನೋಡಿದ್ದ. ಬಳ್ಳಿ ನೋಡಿದ್ದ, ಗುಂಡು ಕಾಯಿ ನೋಡಿದ್ದ. ಸೋರೆ ಬಳ್ಳಿ ಯಾರ ಮನೆಯ ಮೇಲಿಲ್ಲ ಎಂದು ಮುಂದೆ ಹೋಗಿದ್ದ. ಅವನ ಕಣ್ಣು ಯಾವಾಗಲೂ ನೆಲದ ಮೇಲೆ, ನೀರಿನ ಮೇಲೆ.

"ಕೂತ್ಕಳಪ್ಪ," ಎಂದಳು ಮುದ್ದಮ್ಮ ಜಗಲಿಗೆ ಬಂದ ಮೇಲೆ. ಅವನು ಕೂತ. ವನಜಾ ಟೀ ತಂದಳು, ಕುಡಿದ.

"ನಮ್ಮೋಳು ಇಲ್ಲಿಗೆ ಬತ್ತಿದ್ಲಾ?"

"ಬತ್ತಿದ್ಲಾ ಅಂದ್ರೆ! ನೀನು ನಾಲೆ ಮ್ಯಾಲೆ ಓದ ಮ್ಯಾಲೆ ಬರೋಳು. ಬೀಜ ಕೊಡಾಕೆ ಒಂದ್ಸಲ, ಉಟ್ಟದಾ ನೋಡಾಕೆ ಒಂದ್ಸಲ, ಊವು ಬುಟ್ಟದಾ ನೋಡಾಕೆ ಒಂದ್ಸಲ, ಕಾಯಿ ಕಚ್ಚದಾ ನೋಡಾಕೆ ಒಂದ್ಸಲ. ಬಳ್ಳಿ ಒಂದು ನೆಪ ಕಣಪ್ಪ. ಮಾತಾಡಾಕೆ ಬರೋಳು. ಒಂದಿನ ನಾನೇ ಕೇಳ್ದೆ, ಏನವ್ವ ಬೆಟ್ಟಿ, ನಿಂಗೆ ಮನೇಲಿ ಕ್ಯಾಮೆ ಇಲ್ವಾ ಅಂತ. ಅದುಕ್ಕೆ ಅಂದ್ಲು, ಕ್ಯಾಮೆ ಅದೆ ಮುದ್ದಕ್ಕ, ಮಾತಾಡಾಕೆ ಜನ ಇಲ್ಲ, ಗ್ವಾಡೆ ಜೊತೆ ಎಷ್ಟು ಅಂತ ಮಾತಾಡ್ಲಿ ಅಂತ."

ಮುದ್ದಮ್ಮ ಅದನ್ನು ಚುಚ್ಚಲು ಹೇಳಲಿಲ್ಲ. ಮಂಡ್ಯದ ಮುದುಕಿಯ ಬಾಯಿ, ಇದ್ದದ್ದು ಇದ್ದ ಹಾಗೆ ಬಂತು. ಆದರೆ ಅಂಕಯ್ಯನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ನಾಲ್ಕು ತಿಂಗಳಿಂದ ತಾನು ಒಬ್ಬನೇ ಕೂತು ಸವೆಸುತ್ತಿದ್ದ ದಿನಗಳಿವೆಯಲ್ಲ, ಮಾತಿಲ್ಲದ ಬೆಳಗು, ಮಾತಿಲ್ಲದ ಸಂಜೆ, ಅದೇ ದಿನಗಳನ್ನು ಅವಳು ಅದೇ ಮನೆಯಲ್ಲಿ ಮೂವತ್ತು ವರ್ಷ ಸವೆಸಿದ್ದಳು. ಅದೂ ಗಂಡ ಬದುಕಿರುವಾಗ, ಎರಡು ಹೊತ್ತು ಎದುರಿಗೆ ಕೂತು ಉಣ್ಣುತ್ತಿರುವಾಗ. ಅವಳು ಸುಖವಾಗಿದ್ದಾಳೆ ಎಂದೇ ಅವನು ತಿಳಿದಿದ್ದ. ಜಗಳವಾಡದ ಹೆಂಡತಿ ಸುಖವಾಗಿದ್ದಾಳೆ ಎಂದು ತಿಳಿಯುವ ಗಂಡಂದಿರು ಎಷ್ಟಿಲ್ಲ! ಅವನಿಗೆ ನಾಚಿಕೆಯಾಯಿತು, ಸಂಕಟವಾಯಿತು, ಎದ್ದು ಹೋಗೋಣ ಎನಿಸಿತು. ಆದರೆ ಎದ್ದು ಹೋಗಲಿಲ್ಲ.

"ಇನ್ನೇನು ಅಂತಿದ್ಲು?" ಎಂದು ಕೇಳಿದ.

ಆ ಕೊನೆಯ ಎರಡು ಬೀಜವನ್ನು ಅವನು ಮುತ್ತುಗದ ದೊನ್ನೆಗೇ ಹಾಕಿದ. ಕೆರಗೋಡಿನ ಅಂಗಡಿಯಲ್ಲಿ ಪಟ್ಟೆ ದೊನ್ನೆ ಬೇಡವೆಂದು ವಾದಿಸಿ, ಎಲೆಯದನ್ನೇ ಹುಡುಕಿಸಿ ತಂದ. ಒಂದು ಬೀಜ ಮೇಲೆ ಬರಲಿಲ್ಲ. ಇನ್ನೊಂದು ಬಂತು. ನಾಲ್ಕೆಲೆಯಾದಾಗ ದೊನ್ನೆಯ ತಳದಿಂದ ಬೆಳ್ಳಗಿನ ಬೇರು ಎಳೆಯಾಗಿ ಹೊರಗೆ ಇಣುಕಿತ್ತು. ದೊನ್ನೆಯ ಸಮೇತ ಗುಣಿಗಿಳಿಸಿದ, ಸಸಿಗೆ ತಾನು ಜಾಗ ಬದಲಿಸಿದ್ದು ಗೊತ್ತೇ ಆಗಲಿಲ್ಲ. ಭಾದ್ರಪದ ಕಳೆಯುವ ಹೊತ್ತಿಗೆ ಬಳ್ಳಿ ಹೆಂಚು ಹತ್ತಿತು, ಕಾಯಿ ಕಚ್ಚಿತು, ಗುಂಡಗೆ, ಚೊಂಬಿನಷ್ಟೇ.

ಆ ಹೊತ್ತಿಗೆ ಅಂಕಯ್ಯನಿಗೆ ಬೇರೊಂದು ಕೆಲಸ ಹತ್ತಿಕೊಂಡಿತ್ತು. ಸಂಜೆ ತೂಬು ನೋಡಿ ಬಂದ ಮೇಲೆ ಒಂದೊಂದು ಮನೆಗೆ ಹೋಗುತ್ತಾನೆ. "ಸೋರೆ ಬೀಜ ಅದಾ?" ಎಂದು ಬಾಗಿಲಲ್ಲಿ ಕೇಳುತ್ತಾನೆ. ಇದೆ ಎನ್ನುತ್ತಾರೆ. ಕೇಳಿದವರಿಗೆ ಬೀಜ ಇಲ್ಲ ಎನ್ನಬಾರದು. ಗೋಡೆಯಿಂದ ಬೆರಣಿ ಬಿಡಿಸುವ ತನಕ ಕೂರುತ್ತಾನೆ. ಕೂತು, "ನಮ್ಮೋಳು ಬಂದಾಗ ಏನು ಮಾತಾಡ್ತಿದ್ಲು?" ಎಂದು ಕೇಳುತ್ತಾನೆ. ಮೊದಮೊದಲು ಜನಕ್ಕೆ ಕಸಿವಿಸಿಯಾಯಿತು, ನೀರುಗಂಟಿಗೆ ತಲೆ ಕೆಟ್ಟಿತೇ ಎಂದುಕೊಂಡರು. ಆಮೇಲೆ ಒಬ್ಬೊಬ್ಬರಾಗಿ ನೆನೆಸಿಕೊಂಡು ಹೇಳಿದರು. ಒಂದು ಮನೆಯಲ್ಲಿ ಬೆಟ್ಟಮ್ಮ, ಅವನು ತೂಬು ತೆಗೆಯುವಾಗ ತನಗೇ ಗೊತ್ತಿಲ್ಲದೆ ಹಾಡು ಗುನುಗುತ್ತಾನೆ ಎಂದು ಹೇಳಿ ನಕ್ಕಿದ್ದಳು. ಇನ್ನೊಂದು ಮನೆಯಲ್ಲಿ, ನಾಲೆ ತುಂಬಿ ಹರಿಯುವ ದಿನಗಳಲ್ಲಿ ಅವನು ಬರುವ ತನಕ ಒಂದು ತುತ್ತೂ ಗಂಟಲಿಗೆ ಇಳಿಯುವುದಿಲ್ಲ ಎಂದಿದ್ದಳು. ಮತ್ತೊಂದು ಕಡೆ, ಮದುವೆಯಾದ ನಾಲ್ಕನೆಯ ವರ್ಷ ಹೊಟ್ಟೆಯಲ್ಲೇ ಹೋದ ಕೂಸಿಗೆ ತಾನು ಮನಸ್ಸಿನಲ್ಲೇ ಒಂದು ಹೆಸರಿಟ್ಟಿದ್ದೆ ಎಂದು ಹೇಳಿ ಅತ್ತಿದ್ದಳು. ಆ ಹೆಸರೇನೆಂದು ಆ ಮನೆಯಾಕೆಗೂ ಹೇಳಿರಲಿಲ್ಲ. ಅಂಕಯ್ಯ ಅಂದು ಮನೆಗೆ ಬಂದು ದೀಪ ಹಾಕದೆ ಕೂತಿದ್ದ.

ಹೀಗೆ ಹದಿಮೂರು ಮನೆ ಆದವು. ಅವನ ಅಡಿಗೆಮನೆಯ ಕಿಟಕಿಯಲ್ಲಿ ಬೆರಣಿ ಚೂರುಗಳು ಪೇರಿಕೊಂಡಿವೆ. ಅಷ್ಟು ಬೀಜ ಹಾಕಲು ಅವನಿಗೆ ಹಿತ್ತಿಲಿಲ್ಲ, ತಿನ್ನಲು ಬಾಯಿಯಿಲ್ಲ.

ಹದಿನಾಲ್ಕನೆಯದು ಲಿಂಗಯ್ಯನ ಮನೆ. ನೀರು ಸಾಲದ ಒಂದು ವರ್ಷ ಅಂಕಯ್ಯ ಅವನ ಸರದಿ ಬರುವ ಮೊದಲೇ ತೂಬು ಮುಚ್ಚಿದ್ದ. ಇಬ್ಬರೂ ಕೊರಳಪಟ್ಟಿ ಹಿಡಿದಿದ್ದರು, ಆಮೇಲೆ ಮಾತಿಲ್ಲ. ಆ ಮನೆಗೂ ಬೆಟ್ಟಮ್ಮ ಹೋಗುತ್ತಿದ್ದಳೆಂದು ಅವನಿಗೆ ಗೊತ್ತಾದದ್ದು ಈಗ. ಲಿಂಗಯ್ಯನ ಹೆಂಡತಿ ಕುಸುಮ ಎರಡು ಸಲ ಹೇಳಿ ಕಳಿಸಿದಳು. ಹಿಂದಿನ ವಾರ ಹಾಲಿನ ಡೈರಿಯ ಹತ್ತಿರ ಲಿಂಗಯ್ಯನೇ ತಡೆದು ನಿಲ್ಲಿಸಿದ.

"ಎಲ್ಲರ ಮನೆಗೋಯ್ತೀಯಂತೆ, ನಮ್ಮನೆಗೆ ಯಾಕ್ಲಾ ಬರಾಕಿಲ್ಲ? ಇನ್ನೂ ಅದನ್ನೇ ಇಡ್ಕಂಡಿದ್ದೀಯಾ? ನಾನು ಮರ್ತು ವರ್ಸಾಯ್ತು. ಬಾರ್ಲಾ, ಬೀಜ ಮಡಗವ್ಳೆ ಕುಸುಮ."

"ಬತ್ತೀನಿ ಕಣ್ಲಾ," ಎಂದ ಅಂಕಯ್ಯ.

ಇನ್ನೂ ಹೋಗಿಲ್ಲ. ಊರಿನವರು ಅವನಿಗೆ ಸೊಕ್ಕು, ಹಳೆಯ ಹಗೆ ಬಿಡಲಾರ ಎನ್ನುತ್ತಾರೆ. ಅದಲ್ಲ. ಸಂಜೆ ನಾಲೆಯಿಂದ ಬರುವಾಗ ಆ ಬೀದಿಯ ತಿರುವಿನಲ್ಲಿ ಅವನು ನಿಲ್ಲುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ನಿಲ್ಲುತ್ತಾನೆ, ಗುದ್ದಲಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸುತ್ತಾನೆ, ಮನೆಯ ಕಡೆ ತಿರುಗುತ್ತಾನೆ. ಒಂದು ದಿನ ತಡೆಯಲಾರದೆ ಕೇಳಿದೆ, ಅವರೇ ಕರೆಯುತ್ತಿದ್ದಾರಲ್ಲ, ಹೋಗಬಾರದೇ ಎಂದು.

ಅವನು ಗುದ್ದಲಿಯನ್ನು ಹೆಗಲಿನಿಂದ ಇಳಿಸಿ ನೆಲಕ್ಕೂರಿದ. "ಅದೊಂದು ಮನೆ ಉಳಿದದೆ ಕಣಪ್ಪ," ಎಂದ. "ಅಲ್ಲಿ ಏನೇಳವ್ಳೋ ನಂಗೊತ್ತಿಲ್ಲ. ಅದನ್ನೂ ಕೇಳ್ಬುಟ್ರೆ, ಅವ್ಳು ಇನ್ನೇನೂ ಮಾತಾಡಾಕಿಲ್ಲ."